ಮುನೆಮ್ಮತ್ತೆಯ ಒಂದು ಚೊಂಬು ನೀರು

ಈವತ್ತು ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲು ತೆಗೆದರೆ ಅರಿಶಿನದ ವಾಸನೆ. ಹೊಸ ದೋಣಿಯ ಮಾದರಿ ನಿನ್ನೆ ತಾನೇ ಬಂದಿತ್ತು. ನನ್ನ ಕೈಕೆಳಗೆ ಕಲಿಯುವ ಹುಡುಗಿಯರಲ್ಲಿ ಯಾರೋ ಅದರ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಸಿಕ್ಕಿಸಿ ಹೋಗಿದ್ದರು. ನನ್ನ ಕೈ ತಾನಾಗಿ ಮಾದರಿಯ ಮುಚ್ಚಳಕ್ಕೆ ಹೋಯಿತು. ತೆಗೆದು ನೋಡಿದೆ. ಒಳಗೆಲ್ಲ ಒಣಗಿತ್ತು. ನೆಮ್ಮದಿಯಾಗಬೇಕಿತ್ತು, ಬೇಜಾರಾಯಿತು. ಯಾಕೆ ಅಂತ ತಿಳಿಯಬೇಕಾದರೆ ನೀವು ನನ್ನ ಜೊತೆ ರಾಯಲ್ಪಾಡಿಗೆ ಬರಬೇಕು.

ನಾನು ಶ್ರೀನಿವಾಸಪುರ ತಾಲ್ಲೂಕಿನವಳು. ನೀರಿನಲ್ಲಿ ವಾಲಿದ ದೋಣಿ, ಹಡಗು ಮತ್ತೆ ನೆಟ್ಟಗಾಗುತ್ತವೋ ಇಲ್ಲವೋ ಎಂದು ನೋಡುವುದು ನನ್ನ ಸಂಶೋಧನೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳಿದರೆ ನಮ್ಮ ಕಡೆ ಜನ ನಗುತ್ತಾರೆ. ಒಮ್ಮೆ ಮುಳಬಾಗಿಲು ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಡಗಾ? ಇಲ್ಲಿ ಕುಡಿಯಾಕೇ ಟ್ಯಾಂಕರ್ ಬರ್ಬೇಕಲ್ಲಮ್ಮ!" ಎಂದಿದ್ದರು. ನಾನೂ ನಕ್ಕೆ. ಇನ್ನೇನು ಮಾಡಲಿ ಹೇಳಿ? ಸಮುದ್ರವನ್ನು ನಾನು ಮೊದಲು ಕಂಡದ್ದೇ ಹಡಗಿನ ಪಾಠ ಶುರುವಾಗಿ ಎಷ್ಟೋ ದಿನಗಳಾದ ಮೇಲೆ.

ಕೆಲವು ವರ್ಷಗಳ ಹಿಂದೆ ನನ್ನ ಕೈಯಲ್ಲಿದ್ದದ್ದು ಒಂದು ಸಣ್ಣ ದೋಣಿಯ ವಿನ್ಯಾಸ. ಅಣೆಕಟ್ಟಿನ ಹಿನ್ನೀರಿನ ಆಚೆ ಸಿಕ್ಕಿಕೊಂಡ ಹಳ್ಳಿಗಳಿಗೆ, ಶಾಲೆಯ ಮಕ್ಕಳು, ಸೌದೆ ಹೊರೆ, ಮೇಕೆ ಎಲ್ಲವನ್ನೂ ದಾಟಿಸುವ ದೋಣಿ. ಕಂಪ್ಯೂಟರ್ ಪಾಸು ಮಾಡಿತ್ತು. "ಲೆಕ್ಕ ಕೂಡ್ತಲ್ಲ, ವರದಿ ಕಳಿಸಿ ಮುಗಿಸಿಬಿಡಿ" ಎಂದರು ನಮ್ಮ ಮಾರ್ಗದರ್ಶಕರು. ನನಗೆ ಸಮಾಧಾನವಿರಲಿಲ್ಲ. ಮಾದರಿಯನ್ನು ನೀರಿಗಿಳಿಸಿ ಕಣ್ಣಾರೆ ನೋಡಬೇಕು ಎಂದು ಹಟ. ನಮ್ಮ ಪರೀಕ್ಷೆಯ ತೊಟ್ಟಿಯೋ, ರಿಪೇರಿಗೆಂದು ಖಾಲಿ ಮಾಡಿ ಬಿಟ್ಟಿದ್ದರು. ಆಗ ನೆನಪಾದದ್ದು ಮುನೆಮ್ಮತ್ತೆಯ ಕೃಷಿಹೊಂಡ.

ಮುನೆಮ್ಮತ್ತೆ ನಮ್ಮಪ್ಪನ ಅಕ್ಕ. ರಾಯಲ್ಪಾಡಿನಲ್ಲಿ ಟೊಮೇಟೊ ಬೆಳೆಯುತ್ತಿದ್ದರು, ಮಾವಿನ ತೋಪೂ ಇತ್ತು. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಊರನ್ನೆಲ್ಲ ಗದರಿಸುತ್ತಿದ್ದರು. ಪ್ಲಾಸ್ಟಿಕ್ ಹಾಳೆ ಹಾಸಿದ ಆ ಹೊಂಡವೆಂದರೆ ಅವರಿಗೆ ಪ್ರಾಣ. ನಾನು ಮಾದರಿಯನ್ನು ಹೊತ್ತು ಹೋಗಿ ನಿಂತಾಗ ಅವರು ಕೇಳಿದ್ದು ಒಂದೇ: "ಅದ್ರ ಮೂಲೆ ತಾಗಿ ನನ್ ಹಾಳೆ ಹರೀತದಾ?" ಹರಿಯುವುದಿಲ್ಲ ಎಂದು ಆಣೆ ಮಾಡಿದ ಮೇಲೆ, "ಸರಿ, ಚಪ್ಪಲಿ ಬಿಟ್ಟು ಇಳೀ" ಎಂದು ಅಪ್ಪಣೆಯಾಯಿತು.

ಪರೀಕ್ಷೆ ಸರಳ. ಮಾದರಿಯ ಮೇಲೆ ತಕ್ಕಡಿಯ ತೂಕದ ಬಟ್ಟನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಸುವುದು. ಎಷ್ಟು ವಾಲಿತು ಎಂದು ಮೇಸ್ತ್ರಿಗಳ ತೂಗುಗುಂಡು ಕಟ್ಟಿ ಅಳೆಯುವುದು. ಮೊದಲ ದಿನ ಎಲ್ಲವೂ ಲೆಕ್ಕದ ಹಾಗೇ ಬಂತು. ನನ್ನ ಖುಷಿ ನೋಡಬೇಕಿತ್ತು ನೀವು! ಎರಡನೇ ದಿನ ಎಲ್ಲ ತಲೆಕೆಳಗು. ಅದೇ ಬಟ್ಟು, ಅದೇ ಜಾಗ, ವಾಲುವುದು ಮಾತ್ರ ವಿಪರೀತ. ಗಾಳಿಯನ್ನು ಬೈದೆ, ದಾರ ಬದಲಿಸಿದೆ. ಸಂಜೆಯ ಹೊತ್ತಿಗೆ ನನ್ನನ್ನೇ ಬೈದುಕೊಳ್ಳುತ್ತಾ ದಡದಲ್ಲಿ ಕೂತೆ.

"ಇದು ನನ್ ಕೈಲಾಗಲ್ಲ ಅತ್ತೆ. ಬಿಟ್ಬಿಡ್ತೀನಿ."

"ಏಮೇ? ಅಷ್ಟು ದೂರದಿಂದ ಹೊತ್ಕೊಂಡ್ ಬಂದಿದ್ದು ಬಿಟ್ಬಿಡಾಕಾ? ಎದ್ದೇಳೇ, ಮುದ್ದೆ ಆರ್ತದೆ."

ಮಾದರಿಯನ್ನು ಎತ್ತಿದೆ. ಒಳಗೆ ಗುಳಕ್ ಅಂತು. ಮುಚ್ಚಳ ತೆಗೆದರೆ ಘಮ್ಮೆಂದು ಅರಿಶಿನ. ತಳದಲ್ಲಿ ಹಳದಿ ನೀರು! ಬೆಳಿಗ್ಗೆ ನಾನು ತಿಂಡಿ ತಿನ್ನುತ್ತಿದ್ದಾಗ ಅತ್ತೆ ಮಾದರಿಗೆ ಪೂಜೆ ಮಾಡಿದ್ದರು. ನಮ್ಮ ಕಡೆ ಹೊಸ ಬೋರ್‌ವೆಲ್ ಕೊರೆಸಿದರೆ ಗಂಗೆಪೂಜೆ ಮಾಡಿ, ಕೊಳವೆಯ ಬಾಯಿಗೆ ಅರಿಶಿನದ ನೀರು ಹಾಕುತ್ತೇವಲ್ಲ, ಹಾಗೆ. ದೋಣಿಗೆ ಹೇಗೆ ಪೂಜೆ ಮಾಡುತ್ತಾರೆಂದು ರಾಯಲ್ಪಾಡಿನಲ್ಲಿ ಯಾರಿಗೆ ಗೊತ್ತು?

"ಅತ್ತೇ! ದೋಣಿ ಒಳಗೆ ಯಾರಾದ್ರೂ ನೀರು ಹಾಕ್ತಾರಾ?"

"ಗಂಗಮ್ಮನ ಕೆಲಸ, ಬಾಯಿ ಇತ್ತು, ಒಂದು ಚೊಂಬು ಹಾಕ್ದೆ. ನಾನೇನ್ ಕಂಡೆ?" ಎಂದವರು ನನ್ನ ಮುಖ ನೋಡಿ ಮೆತ್ತಗಾದರು. "ಹೋಗ್ಲಿ ಬಿಡೇ, ಇನ್ಮೇಲೆ ಹಾಕಲ್ಲ."

ನೀರು ಚೆಲ್ಲಿ ನಿಟ್ಟುಸಿರು ಬಿಟ್ಟೆ. ಲೆಕ್ಕ ತಪ್ಪಿರಲಿಲ್ಲ, ವರದಿ ಕಳಿಸಬಹುದು. ಆದರೆ ಮುದ್ದೆ ಮುರಿಯುತ್ತಿದ್ದಾಗ ನಮ್ಮ ಕಡೆಯ ನೀರಿನ ಟ್ಯಾಂಕರ್ ನೆನಪಾಯಿತು. ನೀವು ಅರ್ಧ ಖಾಲಿಯಾದ ನೀರಿನ ಟ್ಯಾಂಕರಿನ ಹಿಂದೆ ಸ್ಕೂಟರಿನಲ್ಲಿ ಹೋಗಿದ್ದೀರಾ? ತಿರುವಿನಲ್ಲಿ ಒಳಗಿನ ನೀರೆಲ್ಲ ಒಂದೇ ಕಡೆಗೆ ನುಗ್ಗಿ ಟ್ಯಾಂಕರನ್ನು ಎಳೆಯುತ್ತದೆ. ಇದನ್ನು ನಾನು ಪರೀಕ್ಷೆಗೆಂದು ಓದಿ ಬರೆದವಳೇ. ಆದರೂ ನಮ್ಮ ಲೆಕ್ಕದಲ್ಲಿ ದೋಣಿ ಸದಾ ಒಣಗಿಯೇ ಇತ್ತು. ಒಂದು ಚೊಂಬಿಗೆ ಇಷ್ಟು ವಾಲುವುದಾದರೆ, ಜಡಿಮಳೆ ಬಂದ ದಿನ?

ಬೆಳಿಗ್ಗೆ ಎದ್ದು, "ಅತ್ತೆ, ಚೊಂಬು ತಗೊಂಡ್ ಬನ್ನಿ" ಎಂದೆ. "ನೀರು ಹಾಕಿ."

"ನಿನ್ನೆ ಕಿರುಚ್ಕೊಂಡೆ, ಇವತ್ತು ಹಾಕು ಅಂತೀಯ! ನಿಂಗೆ ತಲೆ ನೆಟ್ಟಗಿದೆಯೇನೇ?" ಎನ್ನುತ್ತಲೇ ಹಾಕಿದರು. ವಾಲಿತು. ಇನ್ನೊಂದು ಚೊಂಬು ಹಾಕಿ ಬಟ್ಟು ಸರಿಸಿದೆ. ಮಾದರಿ ನಿಧಾನವಾಗಿ ಮಗ್ಗುಲಾಯಿತು, ಹಾಗೇ ಮಗುಚಿಕೊಂಡಿತು. ಮತ್ತೆ ಏಳಲಿಲ್ಲ.

ಅತ್ತೆ ಚೊಂಬನ್ನು ದಡದಲ್ಲಿ ಇಟ್ಟರು. ಆಮೇಲೆ ಕೇಳಿದರು: "ಇದ್ರಲ್ಲಿ ಮಕ್ಕಳು ಕೂತ್ಕೋತಾರಾ?"

"ಹೂಂ ಅತ್ತೆ."

ಆ ಒಂದು ಪ್ರಶ್ನೆಯೇ ನನಗೆ ಸಾಕಿತ್ತು.

ದೋಣಿಯ ಒಡಲಿನ ನಡುವೆ ಉದ್ದಕ್ಕೂ ಗೋಡೆಗಳು ಬೇಕು, ನೀರು ಬಂದರೂ ಒಂದೇ ಕಡೆಗೆ ನುಗ್ಗಬಾರದು ಎಂದು ವರದಿ ಬರೆದೆ. ಗೋಡೆ ಹಾಕಿದರೆ ತೂಕ ಹೆಚ್ಚಿ ಒಂದು ಸಾಲು ಸೀಟು ಹೋಗುತ್ತಿತ್ತು. ದುಡ್ಡು ಕೊಡುವವರು ಒಪ್ಪಲಿಲ್ಲ. "ಪೂಜೆ ನೀರಿಗೆಲ್ಲ ವಿನ್ಯಾಸ ಬದಲಿಸೋಕಾಗುತ್ತಾ?" ಎಂದು ಒಬ್ಬರು ನಕ್ಕರು. ಗೋಡೆ ಇಲ್ಲದ ದೋಣಿಗೆ ನನ್ನ ಸಹಿ ಇಲ್ಲ ಎಂದೆ. ಒಂದು ಮಳೆಗಾಲವಿಡೀ ಅದೇ ಮಾತು: ಅವರು ಕೇಳುವುದು, ನಾನು ಇಲ್ಲ ಎನ್ನುವುದು. ಕೆಲಸ ಹೋಗುತ್ತದೆಂದು ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ? ಆದರೆ ಮಗುಚಿದ ಆ ಮಾದರಿ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಕೊನೆಗೆ ಮಾರ್ಗದರ್ಶಕರೇ ಬಂದು ನನ್ನ ಪಕ್ಕ ನಿಂತರು. ಗೋಡೆ ಬಂತು. ಆ ದೋಣಿ ಇಂದಿಗೂ ಮಕ್ಕಳನ್ನು ದಾಟಿಸುತ್ತಿದೆ.

ಇದನ್ನೆಲ್ಲ ನೆನೆಯುತ್ತಾ ಈವತ್ತು ಹೊಸ ಮಾದರಿಯ ಮುಂದೆ ನಿಂತಿದ್ದೆ. ವೇಳಾಪಟ್ಟಿಯ ಪ್ರಕಾರ ಮೊದಲು ಒಣ ಪರೀಕ್ಷೆ, ಒಳಗೆ ನೀರು ಹಾಕಿ ನೋಡುವುದು ಕೊನೆಗೆ, ಅದೂ ಸಮಯ ಉಳಿದರೆ. ಹುಡುಗಿಯರನ್ನು ಕರೆದು, ಇನ್ನು ಮೇಲೆ ಇಲ್ಲಿ ನೀರಿನದೇ ಮೊದಲು ಎಂದೆ. ಮಾದರಿಯನ್ನು ತೊಟ್ಟಿಗಿಳಿಸಿ, ಕ್ಯಾಂಟೀನಿನಿಂದ ಚೊಂಬು ತರಿಸಿ ಒಳಗೆ ನೀರು ಸುರಿದೆ. ಬಟ್ಟು ಸರಿಸಿದೆ. ವಾಲಿತು, ಅಲ್ಲೇ ತಡೆಯಿತು, ಬಟ್ಟು ತೆಗೆದೊಡನೆ ಎದ್ದು ನಿಂತಿತು. ಅತ್ತೆಗೆ ಫೋನ್ ಮಾಡದೆ ಇರಲಾಗಲಿಲ್ಲ.

"ಅತ್ತೆ, ಹೊಸ ದೋಣಿಗೆ ಒಂದು ಚೊಂಬು ನೀರು ಹಾಕ್ದೆ."

"ಬಿತ್ತಾ?"

"ಇಲ್ಲ ಅತ್ತೆ. ಎದ್ದು ನಿಂತ್ಕೊಂಡ್ತು."

ಖುಷಿಪಡುತ್ತಾರೆ ಎಂದುಕೊಂಡೆ.

"ಇನ್ನೊಂದು ಚೊಂಬು ಹಾಕೇ" ಎಂದರು.