ಬೆರಟಿ ಪಾಯಸಕ್ಕೆ ಬಿದ್ದ ಲೇಹ್ಯ

ನಾನು ಅಜ್ಜಿಯಾದೆ! ನನ್ನ ಮಗ ಕುಶಾಲಪ್ಪನಿಗೆ ಹೆಣ್ಣು ಮಗು ಹುಟ್ಟಿದೆ. ಮೂಗು ಅಪ್ಪನದ್ದು, ಬಣ್ಣ ಅಮ್ಮನದ್ದು, ಅಳುವ ಗಂಟಲು ಮಾತ್ರ ನನ್ನದೇ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಆದರೂ ಇದನ್ನು ಬರೆಯದೆ ನನಗೆ ಕೂರಲಿಕ್ಕೆ ಆಗುವುದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇದೆಲ್ಲ ಶುರುವಾದದ್ದು ೧೯೮೨ರಲ್ಲಿ, ಹೊಸ ಅಕ್ಕಿ ಊಟದ ದಿನ.

ನಮ್ಮದು ಸುಳ್ಯದ ಹತ್ತಿರ ಅಜ್ಜಾವರ. ಸೊಸೆ ದೇವಕಿ ಪೆರಾಬೆಯವಳು. ಮದುವೆಯಾಗಿ ಏಳೆಂಟು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಯಾರು ಯಾವ ಬೇರು ಹೇಳಿದರೂ ಕಷಾಯ ಕುಡಿಯಬೇಕಾದದ್ದು ಅವಳೇ. ಮಗನಿಗೂ ಒಂದು ಲೋಟ ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಮಂಡೆಕೋಲಿಗೆ ಕೊಟ್ಟ ನನ್ನ ನಾದಿನಿಯಂತೂ ಕುಶಾಲಪ್ಪನಿಗೆ ಬೇರೆ ಹುಡುಗಿಯನ್ನೇ ನೋಡಿಟ್ಟಿದ್ದಳು. ಆ ದಿನ ದೇವಕಿಯ ಅಪ್ಪನೂ ಊಟಕ್ಕೆ ಬರುವವರಿದ್ದರು. ಅವರೆದುರೇ ಆ ಮಾತು ತೆಗೆಯುತ್ತೇನೆಂದು ನಾದಿನಿ ನನಗೆ ಮೊದಲೇ ಹೇಳಿದ್ದಳು. ಬೇಡ ಎಂದರೆ ಕೇಳುವ ಹೆಂಗಸಲ್ಲ. ನನಗೆ ಬೆಳಗ್ಗಿನಿಂದಲೇ ಎದೆ ಡವಡವ.

ಆ ಗಡಿಬಿಡಿಯಲ್ಲೇ ಪಾಯಸಕ್ಕೆ ಇಟ್ಟೆ. ಹಲಸಿನ ಹಣ್ಣನ್ನು ಬೆಲ್ಲ ಹಾಕಿ ಕಪ್ಪಾಗುವವರೆಗೆ ಕಾಯಿಸಿ ಇಡುತ್ತೇವಲ್ಲ, ಆ ಬೆರಟಿಯ ಪಾಯಸ. ನೋಡಿದರೆ ಬೆರಟಿ ಸಾಲದು. ಅಟ್ಟದಲ್ಲಿ ಹುಡುಕಿದಾಗ ಉಪ್ಪಿನಕಾಯಿ ಭರಣಿಗಳ ಹಿಂದೆ ಒಂದು ಸಣ್ಣ ಭರಣಿ ಸಿಕ್ಕಿತು. ಒಳಗೆ ಅದೇ ಕಪ್ಪು, ಅದೇ ಅಂಟು. ದೇವರೇ ಕೊಟ್ಟ ಎಂದು ಪೂರ್ತಿ ಸುರಿದುಬಿಟ್ಟೆ!

ಎಲ್ಲರೂ ಎಲೆಯ ಮುಂದೆ ಕೂತರು. ನಾನೂ ದೇವಕಿಯೂ ಬಡಿಸುತ್ತಿದ್ದೆವು. ಪಾಯಸ ಬಂದದ್ದೇ ನಾದಿನಿ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದಳು.

"ಅತ್ತಿಗೆ, ಎಂತ ಖಾರ ಮಾರಾಯ್ತಿ! ಕಾಳುಮೆಣಸು ಹಾಕಿದ್ದೀಯಾ?"

"ಏನಾಗಿದೆ? ಒಳ್ಳೇದುಂಟು," ಎಂದು ನಮ್ಮ ಯಜಮಾನರು ಎರಡನೇ ಲೋಟಕ್ಕೆ ಕೈ ಚಾಚಿದರು.

ದೇವಕಿಯ ಅಪ್ಪ ಲೋಟವನ್ನು ಮೂಗಿನ ಹತ್ತಿರ ಹಿಡಿದರು. "ಅಕ್ಕ, ಇದು ಹಲಸು ಅಲ್ಲ. ಪುತ್ತೂರು ಸಂತೆಯಲ್ಲಿ ಹಾವು ತೋರಿಸಿ ಜನ ಸೇರಿಸಿ ಮಾರ್ತಾರಲ್ಲ, ಗಂಡಸರ ಲೇಹ್ಯ, ಅದರದ್ದೇ ಪರಿಮಳ."

ನಾದಿನಿ ನಮ್ಮ ಯಜಮಾನರ ಕಡೆ ತಿರುಗಿ, "ಅಣ್ಣಾ, ಈ ಪ್ರಾಯದಲ್ಲಿ ನಿನಗೆ ಇದೆಲ್ಲ ಬೇಕಿತ್ತಾ?" ಎಂದಳು. ಅವರಿಗೆ ಪಾಯಸ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ನಾನು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಕುಶಾಲಪ್ಪ ಮಾತ್ರ ನಗಲಿಲ್ಲ.

"ಅಪ್ಪನದ್ದಲ್ಲ ಅತ್ತೆ, ನನ್ನದು," ಎಂದ. "ಡಬ್ಬಿಯ ಮೇಲೆ ಪೈಲ್ವಾನನ ಚಿತ್ರ ಇತ್ತು. ಯಾರಾದ್ರೂ ನೋಡಿಯಾರು ಅಂತ ಭರಣಿಗೆ ಹಾಕಿಟ್ಟದ್ದು. ತೊಂದರೆ ಇರುದು ನನ್ನಲ್ಲಿ. ದೇವಕಿಯಲ್ಲಿ ಎಂತದೂ ಇಲ್ಲ."

ಪುತ್ತೂರಿನ ಡಾಕ್ಟರು ಅವನನ್ನು ಪರೀಕ್ಷೆ ಮಾಡಿ, ಸಣ್ಣ ಆಪರೇಷನ್ ಮಾಡಿದರೆ ಗುಣವಾಗಬಹುದು ಎಂದಿದ್ದರಂತೆ. ಆಪರೇಷನ್ ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೆದರಿ ಇವನು ಸಂತೆಯ ಲೇಹ್ಯ ಹಿಡಿದದ್ದು!

ನಾನು ದೇವಕಿಯನ್ನು ನೋಡಿದೆ. "ನಿನಗೆ ಗೊತ್ತಿತ್ತಾ ಮಗಾ?"

ಅವಳು ಹೌದೆಂದು ತಲೆಯಾಡಿಸಿದಳು. "ಅವರ ಮರ್ಯಾದೆ ಅಲ್ವಾ ಅತ್ತೆ?"

ಅಷ್ಟೂ ಕಷಾಯವನ್ನು ಆ ಹುಡುಗಿ ಸುಮ್ಮನೆ ಕುಡಿದಿದ್ದಳು. ನನ್ನ ಕೈಯ ಸೌಟು ನೆಲಕ್ಕೆ ಬಿತ್ತು. ಅವಳ ಅಪ್ಪ ಬಾಗಿಲ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಬೇರೆ ಹುಡುಗಿಯ ಮಾತು ನಾದಿನಿಯ ಬಾಯಿಯಲ್ಲೇ ಉಳಿಯಿತು.

ಯಜಮಾನರ ಕೆಮ್ಮು ಆಗಷ್ಟೇ ನಿಂತಿತ್ತು. "ಎತ್ತಿನ ಕಾಲು ಉಳುಕಿದ್ರೆ ಡಾಕ್ಟ್ರನ್ನು ಮನೆಗೇ ಕರೀತೇವೆ. ನಿನಗೆ ಹೋಗ್ಲಿಕ್ಕೆ ನಾಚಿಕೆಯಾ? ನಾಳೆ ಮೊದಲ ಬಸ್ಸಿಗೆ ಹೊರಡು, ನಾನೂ ಬರ್ತೇನೆ," ಎಂದರು.

ಹೇಳಿದ ಹಾಗೆಯೇ ಹೋದರು. ಡಾಕ್ಟರು ಲೇಹ್ಯದ ಕಥೆ ಕೇಳಿ ನಕ್ಕು, ಅದರಲ್ಲಿ ಏನೇನು ಹಾಕಿದ್ದಾರೋ ಯಾರಿಗೆ ಗೊತ್ತು, ಇನ್ನು ಮುಟ್ಟಬೇಡಿ ಎಂದರಂತೆ. ಆಪರೇಷನ್ ಆಯಿತು. ಕಾದೆವು, ವರ್ಷದ ಮೇಲೆ ಕಾದೆವು. ಒಂದು ದಿನ ದೇವಕಿ ಮೀನು ಸಾರಿನ ವಾಸನೆಗೆ ಮೂಗು ಮುಚ್ಚಿ ಹಿತ್ತಲಿಗೆ ಓಡಿದಳು. ನಾನು ಅವಳ ಹಿಂದೆಯೇ ಓಡಿದೆ, ಅಳುತ್ತಾ, ನಗುತ್ತಾ!

ತವರಿನ ಬಾಣಂತನ ಮುಗಿಸಿ ಅವಳು ಮಗುವಿನ ಜೊತೆ ಬಂದದ್ದು ಮೊನ್ನೆ. ಆ ಸಂಜೆ ಎಲ್ಲರೂ ಊಟಕ್ಕೆ ಸೇರಿದೆವು. ಈ ಸಲ ಬೆರಟಿಯನ್ನು ನಾನೇ ಮೂರು ಸಲ ಮೂಸಿ, ನಾಲಿಗೆಗೆ ಹಚ್ಚಿ ನೋಡಿ ಪಾಯಸ ಮಾಡಿದ್ದೆ. ಆದರೂ ಲೋಟ ಹಿಡಿದುಕೊಂಡ ಒಬ್ಬರೂ ಕುಡಿಯುತ್ತಿಲ್ಲ, ಎಲ್ಲರ ಕಣ್ಣು ಕುಶಾಲಪ್ಪನ ಮೇಲೆ. ಅವನು ಒಂದು ಗುಟುಕು ಕುಡಿದು, "ಹೆದರ್ಬೇಡಿ, ಹಲಸೇ!" ಎಂದ. ಎಲ್ಲರೂ ಒಮ್ಮೆಲೇ ನಕ್ಕ ಸದ್ದಿಗೆ ಮಗು ಎದ್ದು ಅಳತೊಡಗಿತು.

ದೇವಕಿ ಎಲೆ ಬಿಟ್ಟು ಏಳಹೊರಟಳು. ನಾದಿನಿ ಅವಳಿಗಿಂತ ಮೊದಲು ಎದ್ದಳು.

"ಕೂತ್ಕೊ ಮಗಾ. ಮಗುವನ್ನು ನಾನು ನೋಡ್ತೇನೆ, ನೀನು ಬಿಸಿ ಇರುವಾಗ ಉಣ್ಣು."

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಚಾವಡಿಯಲ್ಲಿ ಆಚೆ ಈಚೆ ನಡೆದಳು. ನಾನು ಸೌಟು ಕೆಳಗಿಟ್ಟು ದೇವಕಿಯ ಪಕ್ಕದಲ್ಲೇ ಎಲೆ ಹಾಕಿ ಕೂತೆ.