ಅಣ್ಣ ತಪ್ಪು ತಿದ್ದುತ್ತಿದ್ದ ರೀತಿ

ಆ ಭಾನುವಾರವೂ ಅಣ್ಣ ನನ್ನನ್ನು ಕೊಟ್ಟೂರಿನ ಇಂಟರ್ನೆಟ್ ಸೆಂಟರಿಗೆ ಕರೆದುಕೊಂಡು ಹೋಗಿದ್ದ. ಅಂತರ್ಜಾಲದ ಕನ್ನಡ ಬಳಗವೊಂದರಲ್ಲಿ ಹಡಗಲಿ ಕಡೆಯ ಹೆಣ್ಣುಮಗಳೊಬ್ಬಳು ತನ್ನ ತಾಯಿಯ ಬಗ್ಗೆ ಬರೆದಿದ್ದಳು. ಸಾಲುಸಾಲಿಗೂ ಕಾಗುಣಿತದ ತಪ್ಪು. ಉಳಿದವರು ಆಡಿಕೊಂಡಿದ್ದಕ್ಕೆ, ಇನ್ನು ಬರೆಯುವುದೇ ಇಲ್ಲ ಎಂದಿದ್ದಳು.

ಅಣ್ಣ ಯಾರಿಗೂ ತಪ್ಪೆಂದು ಹೇಳುತ್ತಿರಲಿಲ್ಲ. ಅವರು ತಪ್ಪಾಗಿ ಬರೆದ ಪದಗಳನ್ನೇ ಆರಿಸಿ, ತನ್ನ ಉತ್ತರದಲ್ಲಿ ಸರಿಯಾಗಿ ಬಳಸುತ್ತಿದ್ದ. ಆ ದಿನ ಆಕೆಯ ತಾಯಿಯ ಬಗ್ಗೆ ಇನ್ನಷ್ಟು ಕೇಳುತ್ತಾ ಹಾಗೆ ಒಂದು ಪುಟ ಬರೆಯಲು ಒಂದು ಗಂಟೆ ಹಿಡಿಯಿತು.

"ಇಷ್ಟ್ಯಾಕ ಸುತ್ತಿ ಬಳಸ್ತಿ ಅಣ್ಣಾ? ತಪ್ಪೈತಿ ಅಂದ್ರ ಮುಗೀತಲ್ಲ" ಎಂದೆ.

"ಹಂಗ ಅನ್ನೋರು ಬೇಕಾದಷ್ಟು ಮಂದಿ ಅದಾರ. ಆಕಿ ಬರಿಯೋದ ನಿಲ್ಲಿಸಿದ್ರ ಯಾರ್ನ ತಿದ್ದತೀಯಲೇ, ಶಾಣ್ಯಾಕಿ?" ಎಂದು ನಕ್ಕ.

ಮರುದಿನ ಬೆಳಿಗ್ಗೆ ಅವನಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ತಿಂಗಳಾದ ಮೇಲೆ ನಾನೊಬ್ಬಳೇ ಹೋಗಿ ಆ ಬಳಗವನ್ನು ತೆರೆದೆ. ಆಕೆ ಮತ್ತೆ ಬರೆದಿದ್ದಳು, ಮೊದಲಿಗಿಂತ ಉದ್ದವಾಗಿ. ಅಣ್ಣ ಬರೆದು ತೋರಿಸಿದ ಪದಗಳೆಲ್ಲ ಸರಿಯಾಗಿದ್ದವು, ಬೇರೆ ತಪ್ಪುಗಳಿದ್ದವು. ಕೊನೆಗೆ, "ಸರ್, ಓದಿ ಉತ್ತರ ಬರೀರಿ" ಎಂದಿತ್ತು.

ಅಣ್ಣ ಇಲ್ಲವೆಂದು ತಿಳಿಸಿದೆ. ಅವನಂತೆ ಉತ್ತರ ಬರೆಯುವವರು ಆ ಬಳಗದಲ್ಲಿ ಇನ್ನೂ ಯಾರೂ ಇಲ್ಲ.