ಸುಮ್ಮನಿದ್ದರೆ ಒಪ್ಪಿದಂತೆ

ಮೊನ್ನೆ ಬೆಳಿಗ್ಗೆ ಮಾರತ್ತಹಳ್ಳಿಯ ಬಸ್ ನಿಲ್ದಾಣದಲ್ಲಿ, ಬರುವ ಬಸ್ಸುಗಳೆಲ್ಲ ನನ್ನವಲ್ಲದ ಹೊತ್ತಿನಲ್ಲಿ, ಜೇಬಿನೊಳಗೆ ಫೋನು ಗುರ್ ಎಂದಿತು. ತೆಗೆದು ನೋಡಿದರೆ ಯಂತ್ರವೊಂದು ತಾನಾಗಿಯೇ ಕಳಿಸಿದ ಸೂಚನೆ: ‘ಈ ಕೋರಿಕೆಯ ಬಗ್ಗೆ ಬಹಳ ಕಾಲದಿಂದ ಯಾರೂ ಮಾತಾಡಿಲ್ಲ. ಹೀಗೇ ಇದ್ದರೆ ಮುಚ್ಚಲಾಗುವುದು.’ ಕೋರಿಕೆ ನೀಲಕ್ಕನದು. ಯಂತ್ರಕ್ಕೇನು ಗೊತ್ತು, ತಾನು ಯಾವ ಗಾಯದ ಮೇಲೆ ಕೈಯಿಟ್ಟೆ ಎಂದು.

ನೀಲಕ್ಕ ಯಾರು ಎಂದು ಹೇಳುವ ಮೊದಲು ನಮ್ಮ ಗುಂಪಿನ ವಿಷಯ ಹೇಳಬೇಕು. ನಿಮಗೆ ತುಸು ತಾಳ್ಮೆ ಇರಲಿ. ಕನ್ನಡ ಬರೆಯುವವರ ಕಾಗುಣಿತದ ತಪ್ಪು ತೋರಿಸುವ ಒಂದು ತಂತ್ರಾಂಶವನ್ನು ನಾವು ಕೆಲವರು ಸೇರಿ ಕಟ್ಟುತ್ತಿದ್ದೇವೆ. ಸಂಬಳವಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬಿಟ್ಟಿಯಾಗಿ ಬಳಸಬಹುದು. ಹಗಲೆಲ್ಲ ಕಂಪನಿಗೆ ಕೋಡು ಬರೆದು ಮನೆಗೆ ಬಂದು ಮತ್ತೆ ಕೋಡಿಗೇ ಕೂರುವ ನನ್ನನ್ನು ಕಂಡು ನನ್ನ ಹೆಂಡತಿ, “ಹೋಟ್ಲಲ್ಲಿ ದೋಸೆ ಹಾಕೋನು ಮನೆಗ್ ಬಂದು ಮತ್ತೆ ದೋಸೆ ಹಾಕ್ದಂಗಾಯ್ತು ಕಣ್ರೀ. ಅದೂ ನಮಗಲ್ಲ, ಊರೋರಿಗೆ” ಎನ್ನುತ್ತಾಳೆ.

ತಿದ್ದಿದ್ದನ್ನು ಗುಂಪಿಗೆ ಒಪ್ಪಿಸುವುದಕ್ಕೆ ಕಮಿಟ್ ಎಂದು ಹೆಸರು. ಒಪ್ಪಿಸುವಾಗ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಒಂದೆರಡು ಸಾಲು ಬರೆಯಬೇಕು. ಇನ್ನೊಬ್ಬರು ಅದನ್ನು ಓದಿ ಒಪ್ಪಿದರೆ ಮಾತ್ರ ಅದಕ್ಕೆ ಒಳಗೆ ಜಾಗ. ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸಿದ ಹಾಗೆಯೇ ಅನ್ನಿ. ನಮ್ಮ ಪಾಲಿನ ಮೇಷ್ಟ್ರು ನೀಲಕ್ಕ. ಹಾವೇರಿ ಕಡೆಯವರು, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟೊಂದರಲ್ಲಿ ವಾಸ. ನಾನು ಅವರ ಮುಖ ನೋಡಿದವನಲ್ಲ. ಒಂದೇ ಊರಲ್ಲವೇ ಎಂದು ನೀವು ಕೇಳಬಹುದು. ನಡುವೆ ಸಿಗುವ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕೂತವರು ಕೇಳುವುದಿಲ್ಲ.

ನಾನು ಮೊದಲ ಸಲ ಒಪ್ಪಿಸಿದಾಗ ಬರೆದದ್ದು ‘ಸ್ವಲ್ಪ ಸರಿಮಾಡಿದ್ದೇನೆ’ ಎಂದು. ವಿನಯ ಎಂದುಕೊಂಡಿದ್ದೆ. ಕೆಳಗೆ ನೀಲಕ್ಕನ ಉತ್ತರ ಬಂತು. ಅವರು ಮಾತಾಡಿದ ಹಾಗೆಯೇ ಬರೆಯುವವರು: “ಸ್ವಲ್ಪ ಅಂದ್ರ ಎಷ್ಟ್ರೀ? ಉಳಿದದ್ದು ಯಾರು ಮಾಡ್ಬೇಕು?” ಮುಂದಿನ ಸಲ ಗಾಬರಿಯಲ್ಲಿ ‘ಸರಿಪಡಿಸಲಾಗಿದೆ’ ಎಂದೆ. “ತಾಲೂಕು ಆಫೀಸಿನ ನೋಟೀಸ್ ಆತಲ್ರೀ ಇದು. ಮಾಡಿದವರು ಯಾರು, ಗಾಳೀನಾ?”

ಜಗತ್ತಿನ ತುಂಬ ಈ ಸಾಲನ್ನು ಅಪ್ಪಣೆಯ ರೂಪದಲ್ಲಿ ಬರೆಯುವ ರೂಢಿ: ‘ಸೇರಿಸು’, ‘ತೆಗೆ’ ಎಂದು. ನನಗೆ ಕೈ ಬರಲಿಲ್ಲ. ಓದುವವರು ಅಕ್ಕ, ಅವರಿಗೆ ಏಕವಚನವೇ? ಹಾಗಾಗಿ ಒಂದು ದಿನ ತಂತ್ರಾಂಶದ ಪದಪಟ್ಟಿಯಿಂದ ನಾಲ್ಕಾರು ತಪ್ಪು ಪದಗಳನ್ನು ಅಳಿಸಿ, ‘ತಪ್ಪು ಪದಗಳನ್ನು ಅಳಿಸಿ’ ಎಂದು ಮರ್ಯಾದೆಯಿಂದ ಬರೆದೆ. ನೀಲಕ್ಕ ಅದನ್ನು ತಮಗೇ ಮಾಡಿದ ವಿನಂತಿ ಎಂದುಕೊಂಡರು. ಕೂತು ತಮಗೆ ತಪ್ಪೆನಿಸಿದ್ದನ್ನೆಲ್ಲ ಅಳಿಸಿದರು. ನಮ್ಮ ವರ್ತೂರು ಕಡೆಯ ಉಪ್ಸಾರು, ಬಸ್ಸಾರು, ಹಿತಕಿದ ಬೇಳೆ ಎಲ್ಲ ಪಟ್ಟಿಯಿಂದ ಮಾಯ. ನಾನು ಬಾಯಿ ಬಡಿದುಕೊಂಡಾಗ ಅವರು ಬರೆದರು: “ಅಳಿಸ್ರಿ ಅಂದ್ರಿ, ಅಳಿಸೀನಿ. ಅಲ್ರೀ, ಬಸ್ಸಿಗೆ ಯಾವ ಸಾರು?”

ಬಸಿದ ಕಾಳಿನ ನೀರಿನಿಂದ ಮಾಡುವ ಸಾರು ಎಂದು ನಾನು ಉದ್ದಕ್ಕೆ ವಿವರಿಸಿದೆ. ಪದಗಳು ವಾಪಸು ಬಂದವು. ಅಂದಿನಿಂದ ಕಟ್ಟಾಜ್ಞೆ: “ಇನ್ ಮ್ಯಾಲೆ ಏಕವಚನ. ಕೋಡಿಗೆ ಎಂಥಾ ಮರ್ಯಾದಿ?” ಆದರೆ ನಮ್ಮನ್ನು ಅವರು ಎಂದೂ ಬಹುವಚನ ಬಿಟ್ಟು ಕರೆಯಲಿಲ್ಲ. ಬೈಯುವಾಗಲೂ ‘ರೀ’ ಇರುತ್ತಿತ್ತು. ಆ ‘ರೀ’ಗಾಗಿ ನಾನು ಬೇಕೆಂದೇ ಒಂದೆರಡು ತಪ್ಪು ಬಿಡುತ್ತಿದ್ದೆ ಎಂದರೆ ನೀವು ನಂಬುತ್ತೀರೋ ಇಲ್ಲವೋ.

ನಮ್ಮಲ್ಲಿ ಇನ್ನೊಂದು ಕಟ್ಟಳೆಯಿತ್ತು. ಯಾರಾದರೂ ‘ಹೀಗೆ ಮಾಡೋಣವೇ’ ಎಂದು ಕೇಳಿ, ವಾರದೊಳಗೆ ಯಾರೂ ಬೇಡ ಎನ್ನದಿದ್ದರೆ ಎಲ್ಲರೂ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ. ಎಲ್ಲರಿಗೂ ನೌಕರಿ, ಸಂಸಾರ. ಪ್ರತಿಯೊಂದಕ್ಕೂ ಹೂಂ ಎನ್ನಲು ಯಾರಿಗೆ ಪುರುಸೊತ್ತು? ಮಾತೆಲ್ಲ ಎಲ್ಲರೂ ಓದುವಂತೆ ಬಯಲಲ್ಲೇ ಆಗಬೇಕು, ಒಬ್ಬೊಬ್ಬರ ಕಿವಿಯಲ್ಲಿ ಕೂಡದು ಎಂಬುದೂ ನಮ್ಮ ಶಿಷ್ಟಾಚಾರ. ಅದಕ್ಕೇ ನೀಲಕ್ಕನ ಫೋನ್ ನಂಬರು ನನ್ನ ಬಳಿ ಇರಲಿಲ್ಲ.

ಅಷ್ಟರಲ್ಲಿ ನಾನೂ ಒಪ್ಪಿಗೆ ಕೊಡುವ ನಿರ್ವಾಹಕರಲ್ಲಿ ಒಬ್ಬನಾಗಿದ್ದೆ. ಹೀಗಿರುವಾಗ ಒಂದು ದಿನ ನೀಲಕ್ಕನಿಂದ ಒಂದು ಕೋರಿಕೆ ನನ್ನ ಒಪ್ಪಿಗೆಗೆ ಬಂತು: ‘ನಿರ್ವಾಹಕರ ಪಟ್ಟಿಯಿಂದ ನೀಲಾ ಹೆಸರು ತೆಗೆ’. ಯಾಕೆ ಎಂಬುದಕ್ಕೆ ಒಂದಕ್ಷರವಿಲ್ಲ. ಎರಡು ಸಲ ಓದಿದೆ. ಆಮೇಲೆ ಒಂದು ಉಪಾಯ ಹೊಳೆಯಿತು: ನಾನು ಒಪ್ಪಿಗೆಯ ಗುಂಡಿ ಒತ್ತದಿದ್ದರೆ ಅವರು ಹೋಗುವುದು ಹೇಗೆ? ಒತ್ತಲಿಲ್ಲ. ಏನೂ ಬರೆಯಲೂ ಇಲ್ಲ. ಬಾಗಿಲಿಗೆ ಅಡ್ಡ ನಿಂತ ಮಗುವಿನ ಬುದ್ಧಿ.

ಅವರು ಮತ್ತೆ ಬರಲಿಲ್ಲ. ವರ್ಷಗಳು ಹೋದವು. ಪಟ್ಟಿಯಲ್ಲಿ ಹೆಸರಿದೆ, ಮನುಷ್ಯರಿಲ್ಲ. ಈಗ ಬರುವ ಹುಡುಗ ಹುಡುಗಿಯರು ಒಳ್ಳೆಯವರೇ; ಆದರೆ ಅವರ ಸಾಲುಗಳನ್ನು ಯಂತ್ರ ಬರೆದುಕೊಡುತ್ತದೆ. ಒಂದು ತಪ್ಪಿಲ್ಲ, ಒಂದು ‘ರೀ’ ಇಲ್ಲ. ಎಷ್ಟೋ ಸಲ ನಾನು ಒಪ್ಪಿಸಿ, ಕೆಳಗೆ ಯಾರಾದರೂ “ಎಷ್ಟ್ರೀ?” ಎಂದು ಕೇಳುತ್ತಾರೇನೋ ಎಂದು ಸುಮ್ಮನೆ ಪರದೆ ನೋಡುತ್ತಾ ಕೂತಿದ್ದುಂಟು. ಮುಖವನ್ನೇ ನೋಡದವರ ನೆನಪು ಇಷ್ಟು ಕಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ಆ ಸೂಚನೆ ಓದಿದಾಗ, ಮುಚ್ಚಿಹೋದರೆ ಅವರ ಹೆಸರು ಉಳಿಯುತ್ತದೆ ಎಂದು ನಾನು ಸಂತೋಷಪಡಬೇಕಿತ್ತು. ಆಗಲಿಲ್ಲ. ಅದು ಕೆಲಸದ ಮಾತಿನ ಜಾಗ ಎಂಬುದನ್ನೂ ಮರೆತು ಆ ಕೋರಿಕೆಯ ಕೆಳಗೇ ಬರೆದೆ: “ಅಕ್ಕಾ, ಹೇಗಿದ್ದೀರಿ? ಇದನ್ನ ಇನ್ನೂ ಒಪ್ಪಿಲ್ಲ ನಾನು.”

ಉತ್ತರ ಬರುವುದೆಂದು ಎಣಿಸಿರಲಿಲ್ಲ. ಎರಡು ಬಸ್ಸು ಹೋಗುವಷ್ಟರಲ್ಲಿ ಬಂತು.

“ಆರಾಮ ಅದೀನ್ರೀ. ಒಪ್ಪಿಲ್ಲ ಅಂದ್ರ? ನೀವು ಸುಮ್ನಿದ್ರಿ. ಸುಮ್ನಿದ್ರ ಒಪ್ಪಿದಂಗ ಅಲ್ಲೇನು?”

“ಒಪ್ಪಿರಲಿಲ್ಲ ಅಕ್ಕಾ. ಹೋಗ್ಬೇಡಿ ಅಂತಾನೇ ಸುಮ್ನಿದ್ದಿದ್ದು.”

ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಆಮೇಲೆ:

“ಆ ವಾರ ಪೂರ್ತಿ ನೋಡ್ದೆ. ಅವ್ವಗ ಮೈಯಾಗ ಆರಾಮಿರಲಿಲ್ಲ, ಕೆಲಸ ಸಾಕಾಗಿತ್ತು ಖರೆ. ಆದ್ರೂ ಯಾರರೆ ಒಬ್ರು ಬ್ಯಾಡ ಅಂದಿದ್ರ ಇರ್ತಿದ್ದೆ.”

ಮತ್ತೆ ಅವರೇ: “ಇರ್ಲಿ, ಈಗ ಒಪ್ಪಿಬಿಡ್ರಿ. ಹೆಸರಿಂದೇನೈತಿ. ಒಮ್ಮೆ ಮನೀಗೆ ಬರ್ರಿ.” ಅದರ ಕೆಳಗೆ, ಊರೆಲ್ಲ ಓದುವ ಬಯಲಿನಲ್ಲಿ, ತಮ್ಮ ಫೋನ್ ನಂಬರು.

ಒಪ್ಪಿಗೆ ಒತ್ತಿದೆ. ಹೆಸರು ಹೋಯಿತು. ಕಣ್ಣು ಮಂಜಾಗಿ ಆಫೀಸಿನ ಕಡೆಯ ಬಸ್ಸಿನ ನಂಬರು ಕಾಣಲಿಲ್ಲ; ಅದನ್ನು ಬಿಟ್ಟೆ. ಸ್ಕೈವಾಕ್ ಹತ್ತಿ ರಸ್ತೆಯ ಆಚೆ ಇಳಿದು, ಅಕ್ಕನ ಮನೆಯ ದಿಕ್ಕಿಗೆ, ಸಿಲ್ಕ್ ಬೋರ್ಡಿನ ಕಡೆ ಹೊರಟಿದ್ದ ಬಸ್ಸು ಹಿಡಿದು, ಅವರ ನಂಬರು ಒತ್ತಿದೆ. ಗಂಟೆ ಹೊಡೆಯುತ್ತಿತ್ತು. ಇಷ್ಟು ವರ್ಷ ಓದಿದ್ದೆನೇ ಹೊರತು ಆ ದನಿಯನ್ನು ಕೇಳಿರಲಿಲ್ಲ.

“ಎಲ್ಲಿಗೆ ಸಾರ್?” ಎಂದ ಕಂಡಕ್ಟರ್.

“ಹಲೋ, ಯಾರ್ರೀ?” ಎಂದಿತು ಫೋನು.

ಇಬ್ಬರಿಗೂ ಒಟ್ಟಿಗೆ ಉತ್ತರ ಹೇಳಬೇಕಿತ್ತು. ಈ ಸಲ ಸುಮ್ಮನಿರಲಿಲ್ಲ.